ಎಲ್ಲರೂ ಹೋಗಲಿ, ಆಮೇಲೆ ಕಾಕಾ

ಬಾಗಿಲ ತನಕ ಹೋಗಿ, ಒಳಗೆ ಕಾಲಿಡದೆ ವಾಪಸು ಬರುವ ಮನುಷ್ಯ ಇಡೀ ಹೈದರಾಬಾದಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ. ಬಸ್ಸಿನ ಬಾಗಿಲು, ಲಿಫ್ಟಿನ ಬಾಗಿಲು, ಯಾವುದು ತಾನೇ ಅವರ ಮುಖದ ಮೇಲೆ ಮುಚ್ಚಿಕೊಂಡಿಲ್ಲ?

ಸನತ್‌ನಗರದ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ನಾಗಾರ್ಜುನಸಾಗರಕ್ಕೆ ಪ್ರವಾಸ ಹೋಗಿದ್ದರು. ಅಲ್ಲೊಬ್ಬ ಗೈಡ್ ಸಾವಿರ ಕೈಗಳ ಅವಲೋಕಿತೇಶ್ವರನ ಕಥೆ ಹೇಳಿದ. ಮೋಕ್ಷದ ಹೊಸ್ತಿಲಲ್ಲಿದ್ದ ಆ ಬೋಧಿಸತ್ವನಿಗೆ ಹಿಂದೆ ಜಗತ್ತು ಅಳುವುದು ಕೇಳಿಸಿತಂತೆ. ಕಟ್ಟಕಡೆಯ ಜೀವಿ ಒಳಹೋಗುವ ತನಕ ತಾನು ಹೋಗುವುದಿಲ್ಲವೆಂದು ತಿರುಗಿ ನಿಂತನಂತೆ. ಉಳಿದವರು ಕಥೆ ಕೇಳಿ ಫೋಟೊ ತೆಗೆಸಿಕೊಂಡರು. ಕಾಕಾ ಅವತ್ತೇ ಆಚರಣೆಗೆ ತಂದರು. ಪ್ರವಾಸದ ಬಸ್ಸು ಅವರನ್ನು ಬಿಟ್ಟೇ ಊರಿಗೆ ಬಂತು!

ಉಪ್ಪಲ್‌ನ ಒಂದು ಮದುವೆಯಲ್ಲಿ ಎಲ್ಲರನ್ನೂ ಊಟಕ್ಕೆ ಕೂರಿಸಿ ಕೊನೆಗೆ ತಾವು ಕುಳಿತರು. ಅಷ್ಟು ಹೊತ್ತಿಗೆ ಉಪ್ಪಿನಕಾಯಿ ಮಾತ್ರ ಉಳಿದಿತ್ತು. ಮನೆಗೆ ಬಂದು ಮತ್ತೆ ಅನ್ನಕ್ಕಿಡಬೇಕಾದ ಅವರ ಹೆಂಡತಿ, ನಮ್ಮ ಕಾಕು, ಅಂದರು: "ಆ ದೇವರಿಗೆ ಸಾವಿರ ಕೈ ಅದಾವ್ರಿ, ಅಡಗಿನೂ ತಾನ ಮಾಡ್ಕೊಂಡಾನು. ನಿಮಗ ನಾ ಒಬ್ಬಾಕಿ ಅದೀನಿ."

ನಮ್ಮ ನಗು ನಿಂತದ್ದು ಅವರ ಕಣ್ಣಿಗೆ ಪೊರೆ ಬಂದಾಗ. ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದದ್ದು ಇದೊಂದೇ. ಧರ್ಮಾಸ್ಪತ್ರೆಯಲ್ಲಿ ದಿನಕ್ಕೆ ಕೆಲವೇ ಆಪರೇಷನ್. ಕಾಕಾ ಎರಡು ಸಲ ಹೋಗಿ, ಎರಡು ಸಲವೂ ತಮ್ಮ ಪಾಳಿ ಯಾರಿಗೋ ಕೊಟ್ಟು ಬಂದರು. ಇನ್ನು ತಡಮಾಡಿದರೆ ಕಣ್ಣು ಉಳಿಯುವ ಭರವಸೆ ಇಲ್ಲವೆಂದರು ಡಾಕ್ಟರು. ಕಾಕು ದೇವರ ಮುಂದೆ ಕುಳಿತು ಅತ್ತರು. ಮೂರನೆಯ ಸಲ ಕಾಕಾ ಅವರ ರಟ್ಟೆ ಹಿಡಿದುಕೊಂಡು ನಾನೇ ಹೋದೆ.

ಅವರ ಹೆಸರು ಕೂಗಿದರು. ಅದೇ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಒಬ್ಬಳು ಅಜ್ಜಿ ಕೆಮ್ಮಬೇಕೇ? ಕಾಕಾ ತಿರುಗಿಯೇಬಿಟ್ಟರು. "ಯವ್ವಾ, ನೀವು ಮೊದಲ ಹೋಗ್ರಿ."

"ಹೋಗಂಗಿಲ್ಲರಿ," ಎಂದಳು ಅಜ್ಜಿ. ಯಾದಗಿರಿ ಕಡೆಯವಳು. ಮಗ ಜೀಡಿಮೆಟ್ಲಾದಲ್ಲಿ ಮನೆ ಕಟ್ಟುವ ಗೌಂಡಿ. "ಹ್ವಾದ ತಿಂಗಳ ಹಿಂಗ ಹೇಳಿ ನನ್ನ ಒಳಗ ಕಳಿಸಿದ್ರಿ. ಆವಾಗ ನಿಮ್ಮ ದನಿ ಅಷ್ಟ ಕೇಳಿದ್ದೆ, ಮಾರಿ ಇವತ್ತ ಕಂಡೆ. ಇನ್ನೊಂದ ಕಣ್ಣಿಗೆ ಬಂದೀನಿ. ಖರೆ ನೀವು ಹೋಗೂತನಕ ನಾ ಏಳಂಗಿಲ್ಲ."

ಕಾಕಾ ಅವಳ ಪಕ್ಕದವರನ್ನು ಕರೆದರು. ಅವರೂ ಅಲುಗಲಿಲ್ಲ. ಇಡೀ ಬೆಂಚು ಹಟ ಹಿಡಿದು ಕೂತಿತ್ತು.

ಕಾಕಾ ನನ್ನ ಕಿವಿಯ ಬಳಿ ಬಾಗಿ ಕೇಳಿದರು, "ತಮ್ಮಾ, ಆ ತಾಯಿ ನೋಡಾಕ ಹೆಂಗದಾರೋ?"

ನಾನು ಹೇಳುವ ಮೊದಲೇ ಅಜ್ಜಿಯೇ ಉತ್ತರ ಕೊಟ್ಟಳು.

"ನಾಳಿ ಪಟ್ಟಿ ಬಿಚ್ಚಿದ ಮ್ಯಾಲ ನೀವ ನೋಡೀರಂತ. ನಾ ಇಲ್ಲೇ ಇರ್ತೀನಿ."