ಗಂಟೆ ಹೊಡೆಯುವವರೆಗೆ

ನಾಟಕ ನೋಡಿ ಅಳುವುದರಲ್ಲಿ ನನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ. ಹರೆಯದಲ್ಲಿ ಒಮ್ಮೆ ನಾನು ಅತ್ತ ಅಳುವಿಗೆ ಮುಂದಿನ ಎರಡು ಸಾಲು ಕುರ್ಚಿ ತೇಲಿಕೊಂಡು ಹೋಗಿದ್ದವು. ಸರಿ, ಹಾಗೆ ಹುಬ್ಬೇರಿಸಬೇಡಿ, ಅದರಲ್ಲಿ ಅರ್ಧ ಸುಳ್ಳು. ತೇಲಿದ್ದು ಒಂದೇ ಸಾಲು. ಆದರೂ ಗದ್ಗದ ಮೇಷ್ಟ್ರ ಪಕ್ಕ ನಿಲ್ಲಿಸಿದರೆ ನನ್ನದು ಒಣಗಿದ ಕಣ್ಣೇ.

ಗದ್ಗದ ಎನ್ನುವುದು ಶಾಲೆಯ ಮಕ್ಕಳಿಟ್ಟ ಹೆಸರು. ಪುಸ್ತಕ ತೆರೆದರೆ ಸಾಕು, ಗಂಟಲಲ್ಲಿ ಕಪ್ಪೆ ಕೂತ ಹಾಗೆ ಅವರ ದನಿ ನಡುಗುತ್ತಿತ್ತು. ಹತ್ತನೇ ತರಗತಿಗೆ ಅವರು ಕಲಿಸುತ್ತಿದ್ದದ್ದು ಒಂದು ಹಳೆಯ ದುರಂತ ನಾಟಕ. ಯುದ್ಧದ ಕಾಲದಲ್ಲಿ ಒಬ್ಬ ರಾಣಿ, ‘ಯುದ್ಧ ಮುಗಿದ ಸುದ್ದಿ ಬರುವವರೆಗೆ ಕೋಟೆ ಬಾಗಿಲನ್ನು ಯಾರಿಗೂ ತೆಗೆಯುವುದಿಲ್ಲ’ ಎಂದು ಆಣೆ ಮಾಡುತ್ತಾಳೆ. ಗಾಯಗೊಂಡ ಮಗ ಬಂದು ಬಾಗಿಲು ಬಡಿಯುತ್ತಾನೆ. ರಾಣಿ ತೆಗೆಯುವುದಿಲ್ಲ. ಮಗ ಅಲ್ಲೇ ಸಾಯುತ್ತಾನೆ. ಬೆಳಗಾದ ಮೇಲೆ ನೋಡಿದರೆ ಅವನ ಮುಷ್ಟಿಯಲ್ಲಿ ಒಂದು ಕಾಗದ: ‘ಯುದ್ಧ ಮುಗಿಯಿತು.’

ಆ ದಿನ ಬೆಳಿಗ್ಗೆ ಮೇಷ್ಟ್ರು ಈ ಕೊನೆಯ ಭಾಗ ಓದಿ, ಕರವಸ್ತ್ರ ಹಿಂಡಿ, ತಲೆಯೆತ್ತಿದರು. ನಲವತ್ತು ಮಕ್ಕಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ತೊಂದರೆ ಶುರುವಾದದ್ದು ಈ ನಗುವಿನಿಂದಲೇ.

“ಏನ್ರೋ ಇದು? ಒಬ್ಬ ತಾಯಿ ಮಗನ್ನ ಕಳ್ಕೊಂಡಿದಾಳೆ!”

ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಎದ್ದಾಗಲೆಲ್ಲ ಅವಳು ಕೇಳುವುದು ಒಂದೇ ಆದ್ದರಿಂದ ಅವಳ ಹೆಸರೇ ‘ಯಾಕ್ಸಾರ್’ ಎಂದಾಗಿತ್ತು.

“ಯಾಕ್ ಸಾರ್, ಅವ್ನು ಆ ಕಾಗದಾನ ಬಾಗಿಲ ಸಂದೀಲಿ ತೂರಿಸಬಹುದಿತ್ತಲ್ಲ?”

“ಅವನಿಗೆ ತ್ರಾಣ ಇರ್ಲಿಲ್ಲಮ್ಮಾ.”

“ಬಾಗಿಲು ಬಡಿಯೋಕೆ ಇತ್ತಲ್ಲ ಸಾರ್?”

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಹೊತ್ತಿಗೇ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡಮೇಡಂ, ಬಾಗಿಲಲ್ಲಿ ಕಾಣಿಸಿಕೊಂಡರು.

“ಮೇಷ್ಟ್ರೇ, ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬ್ರು ಇವತ್ತೇ ಮೂರು ಗಂಟೆಗೆ ಬರ್ತಿದಾರೆ. ಅವರಿಗೆ ಈ ನಾಟಕ ಅಂದ್ರೆ ಪ್ರಾಣ. ಮಕ್ಕಳಿಗೆ ಅರ್ಥ ಆಗಿದೆ ಅಂತ ಕಂಡ್ರೆ ನಿಮ್ಮ ಕೆಲಸ ಕಾಯಂ. ಇಲ್ದಿದ್ರೆ...” ಎಂದು, ನಗುತ್ತಿದ್ದ ಮಕ್ಕಳನ್ನು ಒಮ್ಮೆ ನೋಡಿ, ಮಾತು ಮುಗಿಸದೆ ಹೋದರು.

ನಾಲ್ಕು ವರ್ಷದಿಂದ ಮೇಷ್ಟ್ರದು ತಾತ್ಕಾಲಿಕ ಕೆಲಸ. ಅವರ ಅತ್ತೆಯಂತೂ ಮನೆಗೆ ಬಂದವರಿಗೆಲ್ಲ “ಇವರು ನಮ್ಮ ತಾತ್ಕಾಲಿಕ ಅಳಿಯಂದಿರು” ಎಂದೇ ಪರಿಚಯ ಮಾಡಿಸುತ್ತಿದ್ದರು.

ಸುದ್ದಿ ಹಬ್ಬಿತು. ಉಪಾಧ್ಯಾಯರ ಕೋಣೆಯಲ್ಲಿ ಬುದ್ಧಿ ಹೇಳುವವರು ಸಕ್ಕರೆಗೆ ಇರುವೆ ಮುತ್ತಿದ ಹಾಗೆ ಮುತ್ತಿದರು.

“ಅರ್ಥ ಗಿರ್ಥ ಅಂತ ಕೂತ್ರೆ ಕೆಡ್ತೀರಿ,” ಎಂದರು ಲೆಕ್ಕದ ಮೇಡಂ. “ರಾಣಿ ಬಾಗಿಲು ಯಾಕೆ ತೆಗೀಲಿಲ್ಲ? ಮೂರು ಕಾರಣ. ಬಾಯಿಪಾಠ ಮಾಡ್ಸಿ, ಮುಗೀತು.”

ಮೇಷ್ಟ್ರು ಬಾಯಿಪಾಠ ಮಾಡಿಸಿದರು. ಮಕ್ಕಳು ಅದನ್ನು ಮಗ್ಗಿಯ ರಾಗಕ್ಕೆ ಹಾಕಿ, ಬೆಂಚು ಬಡಿಯುತ್ತ ಹಾಡಿದರು.

“ರಾಗ ಬಿಡಿ, ಮುಖದಲ್ಲಿ ದುಃಖ ಬೇಕು,” ಎಂದು ವ್ಯಾಯಾಮದ ಮೇಷ್ಟ್ರು ಕರೆಯದೆಯೇ ತರಗತಿಗೆ ನುಗ್ಗಿದರು. “ಸೀಟಿ ಊದಿದ ತಕ್ಷಣ ತಲೆ ಕೆಳಗೆ! ತುಟಿ ಜೋಲು! ದುಃಖಾ... ಒಂದು! ಎರಡು!”

ನಲವತ್ತು ತಲೆಗಳು ಒಟ್ಟಿಗೆ ಬಿದ್ದವು. ಅದರಲ್ಲಿ ನಾಲ್ಕು ಎದುರಿನ ಬೆಂಚಿಗೆ ಬಡಿದವು. ಆ ನಾಲ್ವರಿಗಾದರೂ ನಿಜವಾಗಿ ದುಃಖವಾಯಿತು.

ಮಧ್ಯಾಹ್ನ ಎರಡು ಗಂಟೆಗೆ ಮೇಷ್ಟ್ರು ಬುದ್ಧಿ ಹೇಳುವವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಮೇಜಿಗೆ ಒರಗಿ ನಿಂತರು. ಆಗ ಹೊಳೆಯಿತು ಅವರಿಗೆ ಆ ಉಪಾಯ.

“ಮಕ್ಕಳೇ, ಆಣೆ ಅಂದ್ರೆ ಏನು ಅಂತ ಗೊತ್ತಾಗಬೇಕಾದ್ರೆ ಒಂದು ಆಣೆ ಮಾಡಿ ನೋಡ್ಬೇಕು. ಈಗಿಂದ ಗಂಟೆ ಹೊಡೆಯೋವರೆಗೆ ಈ ಕೋಣೇಲಿ ಯಾರೂ ಮಾತಾಡೋ ಹಾಗಿಲ್ಲ.”

“ಯಾಕ್ ಸಾರ್, ನೀವೂನಾ?” ಎಂದಳು ಯಾಕ್ಸಾರ್.

“ನಾನೂನೇ.”

“ದೊಡ್ಡಮೇಡಂ ಬಂದು ಕೇಳಿದ್ರೂ?”

“ಕೇಳಿದ್ರೂ ಇಲ್ಲ.”

“ಸೂರು ಕುಸಿದು ಬಿದ್ರೂ?”

“ಬೀಳ್ಲಿ ಬಿಡು.”

ನಲವತ್ತೊಂದು ಕೈಗಳು ನಾಟಕದ ಪುಸ್ತಕದ ಮೇಲೆ ಕೂತವು. ಆಣೆ ಮುಗಿಯಿತು. ಬಾಯಿಗಳು ಮುಚ್ಚಿದವು.

ಮೊದಲು ಕಿಸಿಕಿಸಿ ಎಂದರು. ಆಮೇಲೆ ಅದೂ ನಿಂತಿತು. ಒಬ್ಬನ ಮೂಗಿನ ಮೇಲೆ ನೊಣ ಕೂತು ಸಂಸಾರ ಹೂಡಿದರೂ ಅವನು ‘ಹುಶ್’ ಎನ್ನಲಿಲ್ಲ. ಯಾಕ್ಸಾರ್‌ಳ ಬಾಯಲ್ಲಂತೂ ಹತ್ತು ಪ್ರಶ್ನೆ ಒಟ್ಟಿಗೆ ಬಂದು ಕೆನ್ನೆ ಚೆಂಡಿನ ಹಾಗೆ ಊದಿತ್ತು. ಆದರೂ ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು. ಮೇಷ್ಟ್ರು ಅವಳ ಕಣ್ಣು ನೋಡಿದರು. ಕೋಟೆ ಬಾಗಿಲ ಒಳಗೆ ನಿಂತ ರಾಣಿಯ ಕಣ್ಣಿನ ಹಾಗಿತ್ತು. ವರ್ಷವಿಡೀ ಗಂಟಲು ಹರಿದುಕೊಂಡರೂ ಆಗದ್ದು ಹತ್ತು ನಿಮಿಷದ ಮೌನಕ್ಕೆ ಆಗಿತ್ತು.

ಎರಡೂ ಮುಕ್ಕಾಲಿಗೆ ಗಂಟೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಸಾಹೇಬರು ಅದರಲ್ಲಿ ಮುಖ ನೋಡಿಕೊಳ್ಳುವಂತಿರಲಿ ಎಂದು ಜವಾನ ಗಂಟೆಯನ್ನೇ ಕೆಳಗಿಳಿಸಿ, ಅಂಗಳದಲ್ಲಿ ಕೂತು ಉಜ್ಜುತ್ತಿದ್ದ. ಇತ್ತ ಸಾಹೇಬರು, ಊಟ ಬೇಗ ಮುಗಿಯಿತೆಂದು, ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು.

ಬಾಗಿಲು ತೆರೆಯಿತು. ದೊಡ್ಡಮೇಡಂ, ಅವರ ಹಿಂದೆ ಸಾಹೇಬರು. ಮಕ್ಕಳು ಎದ್ದು ನಿಂತರು. ನಮಸ್ಕಾರ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಲ್ಲಿ, ಯಾರಾದ್ರೂ ಹೇಳಿ ನೋಡೋಣ. ರಾಣಿ ಬಾಗಿಲು ಯಾಕೆ ತೆಗೀಲಿಲ್ಲ?”

ಗೋಡೆಯ ಮೇಲಿನ ಹಲ್ಲಿಯೂ ಲೊಚಗುಟ್ಟಲಿಲ್ಲ.

“ಹೇಳ್ರೋ!” ಎಂದರು ದೊಡ್ಡಮೇಡಂ. “ಏನ್ ಮೇಷ್ಟ್ರೇ, ಮಕ್ಕಳಿಗೆ ಬಾಯಿ ಬಿದ್ದುಹೋಗಿದೆಯಾ?”

ಮೇಷ್ಟ್ರು ಪುಸ್ತಕದ ಮೇಲೆ ಕೈಯಿಟ್ಟು ತೋರಿಸಿದರು.

“ಯಾವ ಪುಟ?”

ಮೇಷ್ಟ್ರು ತಲೆಯಾಡಿಸಿ, ತುಟಿ ಮುಟ್ಟಿಕೊಂಡು, ಗಂಟೆ ಬಾರಿಸುವ ಹಾಗೆ ಕೈ ಬೀಸಿದರು.

“ಹಲ್ಲುನೋವಾ? ಕೀಳಿಸಬೇಕಾ?” ದೊಡ್ಡಮೇಡಂ ಸಾಹೇಬರ ಕಡೆ ತಿರುಗಿ ಹಲ್ಲು ಕಿರಿದರು. “ಬೆಳಿಗ್ಗೆ ಚೆನ್ನಾಗೇ ಇದ್ರು ಸಾರ್.”

ಸಾಹೇಬರು ನಗಲಿಲ್ಲ. ನಿಧಾನವಾಗಿ ನಡೆದು, ಹಿಂದಿನ ಬೆಂಚಿನಲ್ಲಿ ಯಾಕ್ಸಾರ್ ಪಕ್ಕ ಕೂತು, ದಪ್ಪ ಪುಸ್ತಕವೊಂದನ್ನು ತೆರೆದರು. ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಏನೋ ಗೀಚಿ ಅವರ ಮುಂದೆ ತಳ್ಳಿದಳು. ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ತಮ್ಮ ಪುಸ್ತಕದಲ್ಲಿ ಬರೆಯಲು ಶುರುಮಾಡಿದರು.

ಎದುರು ನಿಂತ ಮೇಷ್ಟ್ರಿಗೆ ಅಡ್ಡಬಂದದ್ದು ದೊಡ್ಡಮೇಡಂ ಬೆನ್ನು. ಹುಡುಗಿ ಬರೆದದ್ದು ಅವರಿಗೆ ಕಾಣಲೇ ಇಲ್ಲ. ಕಂಡದ್ದು ಸಾಹೇಬರ ಪೆನ್ನಿನ ತುದಿ ಮಾತ್ರ. ಅದು ಒಂದು ಸಾಲು ಹೋಯಿತು. ಎರಡು ಸಾಲು ಹೋಯಿತು. ಬೈಗುಳವಲ್ಲದೆ ಇಷ್ಟುದ್ದ ಬರೆಯುವುದು ಇನ್ನೇನಿರುತ್ತದೆ? ಮಾತಾಡಿದರೆ ಮಕ್ಕಳ ಮುಂದೆ ಮಾನ ಹೋಯಿತು. ಮಾತಾಡದಿದ್ದರೆ ಕೆಲಸ ಹೋಯಿತು. ಮೇಷ್ಟ್ರ ಕಿವಿಯಿಂದ ಬೆವರು ತೊಟ್ಟಿಕ್ಕಿತು. ಹೊರಗೆ ಜವಾನ ಗಂಟೆ ಕಟ್ಟಲು ಏಣಿ ಹತ್ತುತ್ತಿದ್ದ. ಆದರೆ ಅವನಿಗೆ ಎಂದೂ ಅವಸರವೆಂಬುದಿಲ್ಲ.

ಪೆನ್ನು ಮೂರನೇ ಸಾಲಿಗೆ ಇಳಿಯಿತು.

“ಮಾತಾಡ್ರೋ!” ಮೇಷ್ಟ್ರು ಕಿರುಚಿಬಿಟ್ಟರು. “ಆಣೆ ಇಲ್ಲ, ಗೀಣೆ ಇಲ್ಲ! ಅದು ಬರೀ ಆಟ! ಮೂರು ಕಾರಣ ಹೇಳ್ರೋ, ನಿಮ್ಮ ಕಾಲಿಗೆ ಬೀಳ್ತೀನಿ!”

ಢಣ್, ಢಣ್, ಢಣ್ ಎಂದು ಆಗ ಹೊಡೆಯಿತು ಗಂಟೆ.

ಸಾಹೇಬರು ಎದ್ದು, ಯಾಕ್ಸಾರ್‌ಳ ನೋಟ್‌ಬುಕ್ ಹಿಡಿದು ಮುಂದೆ ಬಂದರು. ಅದರಲ್ಲಿ ಹೀಗಿತ್ತು: ‘ಗಂಟೆ ಹೊಡೆಯೋವರೆಗೆ ಮಾತಾಡಲ್ಲ ಅಂತ ಆಣೆ ಮಾಡಿದ್ದೀವಿ ಸಾರ್. ರಾಣಿ ಯಾಕೆ ಬಾಗಿಲು ತೆಗೀಲಿಲ್ಲ ಅಂತ ನನಗೆ ಈಗ ಗೊತ್ತಾಗ್ತಿದೆ. ತುಂಬಾ ಕಷ್ಟ ಸಾರ್.’

“ಇದನ್ನ ಓದಿ ನಾನು ಬರೆದದ್ದು ಕೇಳಿ,” ಎಂದು ಸಾಹೇಬರು ತಮ್ಮ ಪುಸ್ತಕ ಓದಿದರು. “‘ಮೂವತ್ತು ವರ್ಷದ ನನ್ನ ನೌಕರಿಯಲ್ಲಿ, ಈ ನಾಟಕ ಅರ್ಥವಾದ ಮೊದಲ ತರಗತಿ ಇದು. ಈ ಉಪಾಧ್ಯಾಯರನ್ನು ಇಂದಿನಿಂದಲೇ ಕಾಯಂ ಮಾಡತಕ್ಕದ್ದು.’ ಸಹಿ ಒಂದು ಹಾಕೋದಿತ್ತು ಮೇಷ್ಟ್ರೇ. ಅಷ್ಟರಲ್ಲಿ ನೀವು ಬಾಗಿಲು ತೆಗೆದುಬಿಟ್ರಿ.”

ಸಾಹೇಬರು ಕೊನೆಯ ಸಾಲಿನ ಮೇಲೆ ಒಂದು ಗೀಟೆಳೆದರು. ಕೆಳಗೆ ಬರೆದರು: ‘ಮಕ್ಕಳಿಗೆ ಅರ್ಥವಾಗಿದೆ. ಉಪಾಧ್ಯಾಯರಿಗೆ ಇನ್ನೊಂದು ವರ್ಷ ಕಾಲಾವಕಾಶ ಕೊಡಬಹುದು.’ ಈ ಸಲ ಸಹಿಯನ್ನೂ ಹಾಕಿದರು. ಪೆನ್ನು ಜೇಬಿಗೆ ಸೇರಿತು.

ಯಾಕ್ಸಾರ್ ಎದ್ದು ನಿಂತಳು. ಮೂಗು ಕೆಂಪಾಗಿತ್ತು.

“ಯಾಕ್ ಸಾರ್...? ಒಂದೇ ಒಂದು ನಿಮಿಷ ತಡ್ಕೋಬಾರದಿತ್ತಾ?”

ಅಷ್ಟು ಹೇಳಿ ಹೋ ಎಂದು ಅತ್ತಳು. ಅವಳ ಪಕ್ಕದವಳೂ ಅತ್ತಳು. ನೊಣದ ಮೂಗಿನವನೂ ಅತ್ತ. ನಲವತ್ತು ಮಕ್ಕಳೂ ಗೊಳೋ ಎಂದು ಅತ್ತರು. ವ್ಯಾಯಾಮದ ಮೇಷ್ಟ್ರ ಸೀಟಿಯಿಲ್ಲದೆಯೇ ತಲೆಗಳು ಬಿದ್ದವು. ದುರಂತ ಎಂದರೇನೆಂದು ಇಡೀ ತರಗತಿಗೆ ನಖಶಿಖಾಂತ ತಿಳಿದಿತ್ತು. ಅಳದೆ ನಿಂತಿದ್ದವರು ಗದ್ಗದ ಮೇಷ್ಟ್ರು ಒಬ್ಬರೇ. ಮೊದಲ ಸಲ ಅವರ ಗಂಟಲು ಪೂರ್ತಿ ಒಣಗಿತ್ತು.

ಅವರು ಮೇಜಿನ ಬಳಿ ಬಂದು, ನಾಟಕದ ಪುಸ್ತಕದ ಮೇಲೆ ಕೈಯಿಟ್ಟು, ಇನ್ನೊಂದು ಆಣೆ ಮಾಡಿದರು.

ಏನೆಂದು ಆಣೆ ಮಾಡಿದರು, ಅದು ಆ ದಿನ ಸಂಜೆ ಅತ್ತೆಯ ಮುಂದೆ ಕೂರುವವರೆಗಾದರೂ ಉಳಿಯಿತೇ ಇಲ್ಲವೇ, ಅದನ್ನೂ ನಾನೇ ಹೇಳಬೇಕೇ? ನೀವೇ ಹೇಳಿ ನೋಡೋಣ.