ಕೈ ಎಲ್ಲಿ ಇಡ್ಬೇಕ್ರಿ ಸರ?

ಜನರ ಮುಂದ ಹೆಂಗ ನಿಂತು ಮಾತಾಡಬೇಕು ಅಂತ ಕಲಿಸೋದು ನನ್ನ ಉದ್ಯೋಗ. ಕಲಿಸಿದ್ದನ್ನ ಮಂದಿ ಚಾಚೂ ತಪ್ಪದಂಗ ಪಾಲಿಸ್ತಾರ ನೋಡ್ರಿ, ನನ್ನ ತ್ರಾಸೆಲ್ಲ ಅಲ್ಲೇ.

ಬಾದಾಮಿಯ ಮಾಸ್ತರ್ರು

ಪರದೆ ನೋಡ್ಕೋತ ಓದೋ ಚಟ ಇವರಿಗೆ. "ಪರದೆ ಬಿಡ್ರಿ, ಕೇಳೋರ ಕಣ್ಣಾಗ ಕಣ್ಣಿಟ್ಟು ಮಾತಾಡ್ರಿ" ಅಂದೆ. ಮರುದಿನ ಮುಂದಿನ ಸಾಲಿನ ಒಬ್ಬ ಅಜ್ಜಾರನ್ನ ಹಿಡದ್ರು, ಅರ್ಧ ತಾಸು ಕಣ್ಣು ಕದಲಿಸಲಿಲ್ಲ. ವಿಷಯ ನೀರು ಉಳಿಸೋದು. ಕಡೀಕ ಅಜ್ಜಾರು ಎದ್ದು ನಿಂತು ಕೈ ಮುಗದ್ರು. "ಯಪ್ಪಾ, ನಾಳಿಂದ ನಳ ಬಂದ್ ಮಾಡ್ತೇನಿ, ಇನ್ನ ಬಿಡ್ರಿ!"

ಹುನಗುಂದದ ಸಭಾ

ಅಮೀನಗಡದ ಕರದಂಟಿನ ಅಂಗಡಿಯವ್ರು ತಮ್ಮ ಕಸಬಿನ ಬಗ್ಗೆ ಹೇಳೋರಿದ್ರು. "ಬರೇ ಬಾಯಿಲೆ ಹೇಳಬ್ಯಾಡ್ರಿ, ತೋರಿಸ್ರಿ" ಅಂದಿದ್ದೆ. ಪುಣ್ಯಾತ್ಮ ಶುರುವಿಗೇ ತುಂಬಿದ ತಾಟು ಮುಂದಿನ ಸಾಲಿಗೆ ಕೊಟ್ಟು ಭಾಷಣ ಹಚ್ಚಿದ್ರು. ತಾಟು ಹಿಂದಿನ ಸಾಲಿಗೆ ಮುಟ್ಟೂದ್ರಾಗ ಖಾಲಿ. ಕಡೀಕ "ಪ್ರಶ್ನೆ ಇದ್ರ ಕೇಳ್ರಿ" ಅಂದಾಗ ಹಿಂದಿನವ್ರೊಬ್ರು ಕೈ ಎತ್ತಿದ್ರು. "ಇನ್ನೊಂದ್ ತಾಟು ಐತೇನ್ರಿ?"

ಇಳಕಲ್ಲಿನ ಅಕ್ಕಾರು

ಇದಂತೂ ನನ್ನ ಮಾನಕ್ಕ ಬಂತು. ಬಾಗಲಕೋಟಿ ಪ್ರದರ್ಶನದಾಗ ನೇಕಾರರಿಗೆ ಒಂದ ಮಳಿಗಿ, ಅದು ತಮಗ ಬೇಕು ಅನ್ನೋ ಗುಂಪು ಮೂರು. ಐದು ನಿಮಿಷ ಚಲೋ ಮಾತಾಡಿದವ್ರಿಗೆ ಮಳಿಗಿ. ನನ್ನ ಹತ್ರ ಕಲಿಯಾಕ ಬಂದ ಈ ನೇಕಾರ ಅಕ್ಕಾರು ಸೋತ್ರ ಓಣ್ಯಾಗಿನ ಆರು ಮಗ್ಗ ಸುಮ್ಮನಾಗ್ತಿದ್ವು. ಅಕ್ಕಾರೋ, ಕೈ ಕಟ್ಟಿ ತಲಿ ತಗ್ಗಿಸಿ ನಿಂದರೋರು.

"ಕೈ ಬಿಡ್ರಿ ಅಕ್ಕಾರ! ಕೈ ಕಟ್ಟಿದ್ರ ತಪ್ಪ ಮಾಡ್ದೋರಂಗ ಕಾಣ್ತೈತಿ" ಅಂತ ವಾರಗಟ್ಟಲೆ ಬಡಕೊಂಡೆ.

ಅವತ್ತು ಅವರು ವೇದಿಕಿ ಹತ್ತಿದ್ದೇ ತಡ, ಕರೆಂಟ್ ಹೋತು. ಪರದೆ ಮ್ಯಾಲ ತೋರಿಸಾಕ ನಾ ರಾತ್ರಿ ಹಗಲು ಕೂತು ಮಾಡಿದ ಚಿತ್ರ ಎಲ್ಲಾ ಮಾಯ. ಅಕ್ಕಾರು ನನ್ನ ಮಾರಿ ನೋಡಿದ್ರು. 'ಕೈಗೆ ಸಿಕ್ಕಿದ್ದ ತೋರಿಸ್ರಿ' ಅಂತ ಸನ್ನಿ ಮಾಡಿದೆ. ನನ್ನ ಬುದ್ಧಿಗಿಷ್ಟು!

ಅವರು ಸೀದಾ ಕೆಳಗಿಳಿದು, ಮಳಿಗಿ ಕೊಡೋ ಅಧಿಕಾರಿ ಬಾಯಾರ ಸೆರಗಿಗೇ ಕೈ ಹಾಕಿದ್ರು.

"ನೋಡ್ರಿ, ನಾವು ಸೀರಿ ಮೈಗೆ ಸೆರಗು ಜೋಡಿಸೋವಾಗ ಎಳಿ ಎಳಿಗೂ ಕುಣಿಕಿ ಹಾಕ್ತೇವಿ. ಅದಕ್ಕ ಕೊಂಡಿ ಅಂತಾರ. ನನ್ನ ಸೆರಗು ಜಗ್ಗಿ ನೋಡ್ರಿ, ಐತಿ. ಬಾಯಾರ್ದು ನೋಡ್ರಿ, ಇಲ್ಲ. ಇದು ಮಶೀನಿನ ಸೀರಿ, ಖರೆ ಇಳಕಲ್ ಅಲ್ಲ!"

ಮುಗೀತು, ಮಳಿಗಿ ಹೋತು ಅಂದ್ಕೊಂಡೆ. ಬಾಯಾರು ಎರಡೂ ಸೆರಗು ಜಗ್ಗಿ ಜಗ್ಗಿ ನೋಡಿದ್ರು. "ಇಷ್ಟು ಚೆಂದ ಯಾರೂ ತಿಳಿಸಿ ಹೇಳಿರಲಿಲ್ಲ. ಮಳಿಗಿ ನಿಮಗ. ಆದ್ರ ಹೋದ ವರ್ಷ ಅಸಲಿ ಇಳಕಲ್ ಅಂತ ಈ ಸೀರಿ ಉಡಿಸಿ ನನಗ ಸನ್ಮಾನ ಮಾಡಿದವ್ರು ಯಾರು?"

ನಾನ ರೀ! ಅವಸರಕ್ಕ ಬಸ್‌ಸ್ಟ್ಯಾಂಡ್ ಹತ್ರ ತಂದಿದ್ದು. ಬಾಯಾರು ನನ್ನ ನೋಡಿದ್ರು, ಅವರ ಹಿಂದ ಇಡೀ ಸಭಾ ನನ್ನ ಕಡೆ ತಿರುಗಿತು.

ಆಗ ಅಕ್ಕಾರು, ಮೈಕ್ ಇಲ್ಲದಿದ್ರೂ ಕಡೀ ಸಾಲಿಗೆ ಕೇಳೋಹಂಗ ಅಂದ್ರು: "ಸರ, ಕೈ ಬಿಡ್ರಿ. ಕೈ ಕಟ್ಟಿದ್ರ ತಪ್ಪ ಮಾಡ್ದೋರಂಗ ಕಾಣ್ತೈತಿ!"