ದೊಡ್ಡಪ್ಪನ ಅಂಗೈ

ನನ್ನ ದೊಡ್ಡಪ್ಪನಿಗೆ ಕನ್ನಡ ಪೂರ್ತಿ ಬರುತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ‘ಬೇಡ’ ಎಂಬ ಒಂದು ಶಬ್ದ ಮಾತ್ರ ಅವರಿಗೆ ಎಪ್ಪತ್ತು ದಾಟಿದರೂ ಅರ್ಥವಾಗಲಿಲ್ಲ!

ತಪ್ಪು ಅವರದೊಂದೇ ಅಲ್ಲ. ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಮೊದಲ ಸಲವೇ ‘ಹಾಕಿ’ ಎನ್ನುವವನು ಮರ್ಯಾದಸ್ಥನಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನಬೇಕು, ಬಡಿಸುವವನು ಒತ್ತಾಯ ಮಾಡಬೇಕು. ವಾನಳ್ಳಿಯಿಂದ ಯಲ್ಲಾಪುರದವರೆಗೆ ಯಾರ ಮನೆಯಲ್ಲಿ ಕಾರ್ಯವಾದರೂ ಜಿಲೇಬಿ ಬುಟ್ಟಿ ದೊಡ್ಡಪ್ಪನ ಕೈಯಲ್ಲೇ. ಹಿಂದೆ ನೀರಿನ ತಂಬಿಗೆ ಹಿಡಿದು ನಾನು.

“ಬಾಯಿ ಸುಳ್ಳು ಹೇಳ್ತು ತಮಾ, ಕೈ ನೋಡು. ಹೆಬ್ಬೆರಳು ಒಳಗಿದ್ರೆ ನಿಜವಾಗ್ಲೂ ಬ್ಯಾಡ. ಹೊರಗಿದ್ರೆ ಬಡ್ಸು.”

ದೊಡ್ಡಪ್ಪ ಹೀಗೇ ಹೇಳಿದ್ದರೇ? ಅಥವಾ ತಿರುಗಾಮುರುಗಾ, ಒಳಗಿದ್ದರೆ ಬಡಿಸು ಎಂದೇ? ವಿಶ್ವವಿದ್ಯಾಲಯದಲ್ಲಿ ನನಗೆ ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ಕಲಿಸಿದರು. ನನ್ನ ನೆನಪೇ ಸಾಕ್ಷ್ಯವಾದರೆ ಏನು ಮಾಡಬೇಕೆಂದು ಕಲಿಸಲಿಲ್ಲ.

ಅವರ ಶಾಸ್ತ್ರವೂ ಅಷ್ಟೇನೂ ಗಟ್ಟಿಯಲ್ಲ. ಸಿದ್ದಾಪುರದ ಒಂದು ಮದುವೆಯಲ್ಲಿ ಗಂಡಿನ ಸೋದರಮಾವ ಎರಡೂ ಕೈ ಅಡ್ಡ ಹಿಡಿದು, “ಸಕ್ಕರೆ ಕಾಯಿಲೆ ಇದ್ದು ಮಾರಾಯಾ” ಎಂದು ಗೋಗರೆದರು. ದೊಡ್ಡಪ್ಪ ಬೆರಳ ಸಂದಿಯಲ್ಲಿ ಜಿಲೇಬಿ ಇಳಿಸಿದರು. ಮರ್ಯಾದಸ್ಥ ಮನುಷ್ಯ, ಎಲೆಯಲ್ಲಿ ಬಿಡಲಿಲ್ಲ. ಸಂಜೆ ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ದೊಡ್ಡಪ್ಪನಿಗೆ ಪಶ್ಚಾತ್ತಾಪವೇ? “ಕೈ ಬೇಕು ಹೇಳಿತ್ತು. ಅವ್ರ ಕೈಯೇ ಸರಿ ಇಲ್ಲೆ.”

ಈ ಮನುಷ್ಯನಿಗೆ ಕಳೆದ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ನುಂಗುವುದೂ ಹೋಯಿತು. ಶಿರಸಿಯ ಆಸ್ಪತ್ರೆಯಲ್ಲಿ ಡಾಕ್ಟರು, “ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕದಿದ್ದರೆ ಉಳಿಯುವುದಿಲ್ಲ. ಹಾಕಿದರೂ ಏಳುತ್ತಾರೆ ಎನ್ನಲಾರೆ. ಅವರಿಗೆ ತಿಳಿಯುತ್ತದೆ, ಕೇಳಿ ನೋಡಿ” ಎಂದರು.

ಅವರ ಮಗ, ನನಗೆ ಅಣ್ಣ, ನಳಿಗೆ ಹಾಕಿಸಲೇ ಎಂದು ಕೇಳಿದ. ದೊಡ್ಡಪ್ಪ ಎಡಗೈ ಎತ್ತಿ, ಎದೆಯ ಮೇಲೆ ಗಾಳಿಯಲ್ಲಿ ಅಡ್ಡ ಹಿಡಿದರು.

“ಬ್ಯಾಡ ಹೇಳ್ತಾ ಇದ್ದ,” ಎಂದ ಅಣ್ಣ. ಮರುಕ್ಷಣ ನನ್ನ ಕಡೆ ತಿರುಗಿ, “ಅಲ್ದಾ? ನಿಂಗೆ ಕಲ್ಸಿದ್ದಿದ್ದ. ನೋಡಿ ಹೇಳು.”

ಹೆಬ್ಬೆರಳು ಒಳಗಿತ್ತು. ಮಡಚಿದ್ದೋ, ಶಕ್ತಿಯಿಲ್ಲದೆ ಜೋತುಬಿದ್ದದ್ದೋ? ಒಂದು ಜೀವ ನನ್ನ ಜಿಲೇಬಿ ಶಾಸ್ತ್ರದ ಮೇಲೆ ನಿಂತಿತ್ತು. ನಗು ಬಂದಂತಾಯಿತು.

“ಗೊತ್ತಾಗ್ತಿಲ್ಲೆ ಅಣ್ಣಾ.”

ಅಷ್ಟರಲ್ಲಿ ಮುಖ ತೊಳೆದುಕೊಂಡು ದೊಡ್ಡಮ್ಮ ಒಳಗೆ ಬಂದಳು. ನಮ್ಮನ್ನು ಕೇಳಲಿಲ್ಲ. ಆ ಅಂಗೈಯ ಕೆಳಗೆ ತನ್ನ ಕೈ ಇಟ್ಟಳು. ಬೆರಳುಗಳು ಮುಚ್ಚಿಕೊಂಡವು.

“ಎಂತ ನೋಡ್ತಾ ನಿಂತಿದ್ರಿ? ಹೆದ್ರಿಕೆ ಆಜು ಇವ್ರಿಗೆ. ನಳಿಗೆ ಹಾಕ್ಲಿ. ಆನು ಇಲ್ಲೇ ಇರ್ತೆ.”

ಅವಳು ಆ ಕೈಯನ್ನು ಓದಿದ್ದು ಸರಿಯೇ? ಗೊತ್ತಿಲ್ಲ. ಅವರು ದೀಪಾವಳಿಯವರೆಗೆ ಬದುಕಿದರು, ಏಳಲಿಲ್ಲ. ಅವರು ಹಿಡಿದ ಕೈ ಒತ್ತಿ ಅವಳ ಮಣಿಕಟ್ಟಿನಲ್ಲಿ ಬಳೆಯ ಗುರುತು ಬಿದ್ದಿತ್ತು. ಬಳೆ ತೆಗೆದಿಡು ಎಂದರೆ, “ತೆಗ್ಯಲೆ ಇವ್ರ ಕೈ ಬಿಡ್ಸಬೇಕಲ್ದಾ” ಎನ್ನುತ್ತಿದ್ದಳು.